ಹೊಗೆಮಾವನ ಬಿಳಿ ಕರವಸ್ತ್ರ

ಹಳೇ ಲಾರಿಗಳ ಹೊಗೆ ಕಾಯಿಲೆ ಬಿಡಿಸುವ ಈ ಮೆಕ್ಯಾನಿಕ್ಕನನ್ನು ಚಾಲಕರೆಲ್ಲ ಕರೆಯುವುದು ಹೊಗೆಮಾವ ಎಂದು. ಎಂಜಿನ್ನಿನ ಎಚ್ಚರಿಕೆ ದೀಪ ಹತ್ತಿದ ಲಾರಿ ಬಂದರೆ ಸ್ಕ್ಯಾನರ್ ಸಿಕ್ಕಿಸಿ ದೋಷ ಹೇಳುವ ಕೋಡ್ ಓದುತ್ತಾನೆ, ಓದಿ ಬದಿಗಿಡುತ್ತಾನೆ. ಆ ಯಂತ್ರಕ್ಕೆ ಅವನಿಟ್ಟ ಹೆಸರು ಚಾಡಿಕೋರ. “ಚಾಡಿ ಕೇಳ್ಬೇಕು, ಕೇಳಿದ ತಕ್ಷಣ ಯಾರಿಗೂ ಬಡೀಬಾರ್ದು” ಎಂಬುದು ಅವನ ನೀತಿ. ಹಾಗೆ ಬಡಿದು, ಅಂದರೆ ಕೋಡ್ ನಂಬಿ ಬಿಡಿಭಾಗ ಬದಲಾಯಿಸಿ ಬಂದವರನ್ನು ಕಂಡರಂತೂ ಅವನಿಗೆ ಖುಷಿಯೋ ಖುಷಿ. ಇವತ್ತು ಬಂದ ಚಾಲಕ ಅಂಥವನೇ. ಲಾರಿಗೆ ಇಪ್ಪತ್ತೆರಡು ವರ್ಷ, ಹೊಗೆ ಪರೀಕ್ಷೆಯಲ್ಲಿ ಎರಡು ಸಲ ಫೇಲು, ಇನ್ನೊಂದು ಸಲ ಫೇಲಾದರೆ ಗುಜರಿಯೇ ಗತಿ. “ಗಾಳಿ ಸಾಲ್ದು ಅಂತ ಕೋಡ್ ಬರುತ್ತೆ ಮಾವ. ಮೂರು ಸೆನ್ಸರ್ ಬದಲಾಯ್ಸಿದೆ, ದೀಪ ಆರ್ಲೇ ಇಲ್ಲ.” “ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ದೀಯ” ಎಂದ ಹೊಗೆಮಾವ ಎಂಜಿನ್ ಜೋರು ಮಾಡಿಸಿ, ಕಣ್ಣು ಮುಚ್ಚಿ, ದಪ್ಪ ಗಾಳಿ ಪೈಪಿನ ಅಡಿಭಾಗವನ್ನು ಒದ್ದೆ ಅಂಗೈಯಿಂದ ಮಗುವಿನ ಬೆನ್ನು ಸವರುವಂತೆ ಸವರಿದ. ಒಂದು ಕಡೆ ಕೈ ನಿಂತಿತು. “ಇಲ್ಲಿ ಸೀಳಿದೆ. ಗಾಳಿ ಇಲ್ಲೇ ಸೋರಿ ಹೋಗ್ತಿದೆ, ಅದಕ್ಕೇ ಡೀಸೆಲ್ ಪೂರ್ತಿ ಉರೀದೆ ಹೊಗೆ ಬರ್ತಿದೆ. ಸೆನ್ಸರ್ ಪಾಪ, ನಿಜಾನೇ ಹೇಳಿತ್ತು.” ಹೊಸ ಪೈಪು ಕೂತಿತು, ದೀಪ ಆರಿತು. ಆದರೆ ಹೊಗೆಮಾವನಿಗೆ ದೀಪದ ಸಾಕ್ಷಿ ಸಾಲದು. ಜೇಬಿನಿಂದ ಒಗೆದ ಬಿಳಿ ಕರವಸ್ತ್ರ ತೆಗೆದು ಸೈಲೆನ್ಸರಿನ ಬಾಯಿಗೆ ಹಿಡಿದ. “ಆಕ್ಸಿಲರೇಟರ್ ಒತ್ತು.” ಲಾರಿ ಗುಡುಗಿತು. ಗುಡುಗು ನಿಂತ ಮೇಲೆ, ಬಟ್ಟೆಯತ್ತ ಕಣ್ಣೂ ಹಾಯಿಸದೆ, ಅದರಿಂದಲೇ ಹಣೆ, ಕೆನ್ನೆ, ಕತ್ತು ಒರೆಸಿಕೊಂಡ. ಮೂವತ್ತು ವರ್ಷದಿಂದ ಹೀಗೆಯೇ. ಕೆಲಸ ಕೆಟ್ಟಿದ್ದರೆ ಮಸಿ ಮೊದಲು ತನ್ನ ಮುಖಕ್ಕೇ ಹತ್ತಲಿ ಎಂದು. ಚಾಲಕ ಇಳಿದು ಬಂದು ಆ ಮುಖವನ್ನೇ ದಿಟ್ಟಿಸಿದ. ಮಸಿಯ ಮಾತಿರಲಿ, ಅಲ್ಲಿ ಬೆವರ ಹನಿಯೂ ಇರಲಿಲ್ಲ.