ಆಷಾಢ ಕಳೀಲಿ

ನಮ್ಮ ಕಡೆ ಗಲ್ಫ್ ಅನ್ನುವ ಜಾಗವೇ ಇಲ್ಲ. ಇರುವುದು ದುಬೈ ಒಂದೇ. ನನ್ನ ಗಂಡ ಇದ್ದದ್ದು ದುಬೈನಲ್ಲಲ್ಲ, ಅದರ ಆಚೆಗಿನ ಇನ್ನೊಂದು ದೇಶದಲ್ಲಿ ಎಂದು ಮದುವೆಯಾದ ಹೊಸದರಲ್ಲಿ ಹಳೇಬೀಡಿನ ಬಸ್ ಸ್ಟ್ಯಾಂಡಿನಿಂದ ಜಾವಗಲ್ ಸಂತೆಯವರೆಗೆ ಎಲ್ಲರಿಗೂ ತಿದ್ದಿ ಹೇಳುತ್ತಿದ್ದೆ. ಸಂತೆಯ ತರಕಾರಿಯವಳೊಬ್ಬಳು ತಕ್ಕಡಿ ಎತ್ತಿಹಿಡಿದೇ, "ಹೂಂ ಕಣವ್ವಾ, ಅದೇಯ, ದುಬೈ ಪಕ್ಕದ ದುಬೈ" ಎಂದಳು. ಸಾಕಪ್ಪಾ ಇವರ ಸಹವಾಸ ಎಂದು ಅವತ್ತಿನಿಂದ ನಾನೂ ದುಬೈ ಎಂದೇ ಹೇಳತೊಡಗಿದೆ. ಇಲ್ಲೂ ಹಾಗೇ ಇರಲಿ.

ನನ್ನ ತವರು ಹಳೇಬೀಡು, ಅಪ್ಪ ಸ್ಕೂಲ್ ಮೇಷ್ಟ್ರು. ಗಂಡನ ಮನೆ ಜಾವಗಲ್, ತೆಂಗು ರಾಗಿ ನಂಬಿದವರು. ನಮ್ಮವರು ಅರಸೀಕೆರೆಯಲ್ಲಿ ಐ.ಟಿ.ಐ. ಓದಿ, ಎ.ಸಿ. ರಿಪೇರಿ ಕಲಿತು, ಮದುವೆಗೆ ಮುಂಚೆಯೇ ದುಬೈ ಸೇರಿದ್ದರು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಮದುವೆಯಾದ ವರ್ಷಕ್ಕೆ ನನಗೂ ಫ್ಯಾಮಿಲಿ ವೀಸಾ ಬಂತು. ಅರಸೀಕೆರೆ ಸ್ಟೇಷನ್ನಿನಲ್ಲಿ ಬೊಂಬಾಯಿ ರೈಲು ಹತ್ತುವಾಗ ಅವ್ವ ಅತ್ತಳು, ಅತ್ತೆ ಅತ್ತರು, ನಾನೂ ಅಳಬೇಕಲ್ಲ ಎಂದು ಸ್ವಲ್ಪ ಅತ್ತೆ. ರೈಲು ತಿಪಟೂರಿನ ಕಡೆಗೋ ಬೀರೂರಿನ ಕಡೆಗೋ ಹೋಗುತ್ತದೆ ಎಂಬುದೂ ತಿಳಿಯದಷ್ಟು ಒಳಗೊಳಗೇ ಕುಣಿಯುತ್ತಿದ್ದೆ.

ಅಲ್ಲಿ ನಮಗಿದ್ದದ್ದು ಒಂದೇ ರೂಮು. ಅಡುಗೆಮನೆಯನ್ನು ಒಬ್ಬ ಮಲಯಾಳಿ ಗಂಡ ಹೆಂಡತಿಯ ಜೊತೆ ಹಂಚಿಕೊಂಡಿದ್ದೆವು. ನಮ್ಮ ಕಡೆಯ ಗಂಡಸಿ ಊರಿನ ಮಿಲ್ಲಿನಲ್ಲಿ ಬೀಸಿಸಿ ಒಯ್ದಿದ್ದ ರಾಗಿಹಿಟ್ಟಿನಲ್ಲಿ ಮುದ್ದೆ ತೊಳಸಿದರೆ ಆ ಮಲಯಾಳಿ ಅಕ್ಕ ಬಾಗಿಲಲ್ಲಿ ನಿಂತು, ಇದನ್ನು ನಿಜವಾಗಲೂ ತಿನ್ನುತ್ತೀರಾ ಎಂದು ಹರಕು ಹಿಂದಿಯಲ್ಲಿ ಕೇಳುತ್ತಿದ್ದಳು. ಶುಕ್ರವಾರ ರಜೆ. ಸಂಜೆ ನಾವಿಬ್ಬರೂ ಸಮುದ್ರದ ದಂಡೆಯಲ್ಲಿ ನಡೆದು, ಬರುವಾಗ ಒಂದೇ ಐಸ್‌ಕ್ರೀಮನ್ನು ಇಬ್ಬರೂ ತಿಂದು ಬರುತ್ತಿದ್ದೆವು. ನಾನು ಎಷ್ಟು ಹೊತ್ತಿಗೆ ಎದ್ದೆ, ಯಾಕೆ ಜೋರಾಗಿ ನಕ್ಕೆ ಎಂದು ಕೇಳುವವರಿರಲಿಲ್ಲ. ಅಲ್ಲಿ ನಾನು ಸುಖವಾಗಿದ್ದೆ. ಈಗ ಇದನ್ನು ಹೇಳುವಾಗ ಬೇರೆ ಯಾರದ್ದೋ ಮನೆಯ ಸುದ್ದಿ ಹೇಳಿದ ಹಾಗಿರುತ್ತದೆ.

ಬಸುರಾದೆ. ಮಲಯಾಳಿ ಅಕ್ಕನೂ ಆಗ ಬಸುರಿ. ಅವಳು ಅಲ್ಲೇ ಹೆರುವವಳಿದ್ದಳು. ನಮ್ಮವರೂ ಒಮ್ಮೆ, "ನೀನೂ ಇಲ್ಲೇ ಹೆತ್ತರೆ ಹೆಂಗೆ?" ಎಂದರು. ಅವ್ವ ಅದನ್ನು ಫೋನಿನಲ್ಲಿ ಕೇಳಿದ್ದೇ ತಡ, "ಚೊಚ್ಚಲ ಹೆರಿಗೆ ಕಣೇ! ತವ್ರಲ್ಲಿ ಆಗ್ದೆ ಇನ್ನೆಲ್ಲಾಗ್ಬೇಕು? ನಾನಿನ್ನೂ ಬದ್ಕಿದೀನಿ" ಎಂದಳು. ನಿಜ ಹೇಳಬೇಕೆಂದರೆ ನನಗೂ ಆಸೆಯಿತ್ತು. ಹಂಡೆ ನೀರು ಹುಯ್ಯಿಸಿಕೊಂಡು, ಸಾಂಬ್ರಾಣಿ ಹೊಗೆ ಹಾಕಿಸಿಕೊಂಡು, ಅವ್ವನ ಕೈಯ ಮೆಣಸಿನ ಸಾರು ಉಂಡು ಬೆಚ್ಚಗೆ ಮಲಗುವ ಆಸೆ ಯಾವ ಹೆಣ್ಣಿಗಿರುವುದಿಲ್ಲ?

ಏಳನೇ ತಿಂಗಳಲ್ಲಿ, ಶಿವರಾತ್ರಿಗೆ ಮುಂಚೆ ಹೊರಟೆ. ಏರ್‌ಪೋರ್ಟಿನಲ್ಲಿ ನಮ್ಮವರು ಹೇಳಿದ ಮಾತು ಇಷ್ಟೇ. "ಆರು ತಿಂಗಳ ಮೇಲೆ ಈ ದೇಶದ ಹೊರಗಿದ್ರೆ ವೀಸಾ ತಾನಾಗೇ ಬಿದ್ದೋಗುತ್ತೆ. ಅಷ್ಟರೊಳಗೆ ಬಂದ್ಬಿಡು." ನಾನು ಹೂಂ ಎಂದೆ. ನೈಟಿ ಬಾಗಿಲ ಹಿಂದಿನ ಮೊಳೆಯಲ್ಲೇ ನೇತಾಡುತ್ತಿತ್ತು, ಹವಾಯಿ ಚಪ್ಪಲಿ ಮಂಚದ ಕೆಳಗಿತ್ತು. ಹೋಗಿ ಬರುವವಳು ಅವನ್ನೆಲ್ಲ ಯಾಕೆ ಹೊತ್ತುಕೊಂಡು ತಿರುಗಲಿ ಎಂದು ಬಿಟ್ಟು ಬಂದೆ.

ಜಾವಗಲ್‌ನಲ್ಲಿ ಸೀಮಂತವಾಯಿತು, ಹಸಿರು ಬಳೆ ತೊಡಿಸಿ ಹಳೇಬೀಡಿಗೆ ಕಳಿಸಿದರು. ಯುಗಾದಿಯಾದ ಮೇಲೆ, ಚೈತ್ರದಲ್ಲಿ, ಬೇಲೂರಿನ ಆಸ್ಪತ್ರೆಯಲ್ಲಿ ಮಗಳು ಹುಟ್ಟಿದಳು. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಕತ್ತಲೆಕೋಣೆ. ಆಸೆಪಟ್ಟ ಬಾಣಂತನ ಸಿಕ್ಕಿತು. ಅಪ್ಪ ಓಡಾಡಿ ಕೂಸಿನ ಕಾಗದಪತ್ರವನ್ನೆಲ್ಲ ಮಾಡಿಸಿಟ್ಟರು. ಇನ್ನು ಹೊರಡುವುದೊಂದೇ ಬಾಕಿ ಎಂದುಕೊಂಡೆ.

ಆಗ ಶುರುವಾಯಿತು ತಿಂಗಳ ಲೆಕ್ಕ. ನಮ್ಮಲ್ಲಿ ಕೂಸು ಎಲ್ಲಿಗೇ ಹೋಗುವುದಿದ್ದರೂ ಮೊದಲು ಅಪ್ಪನ ಮನೆಯ ಹೊಸ್ತಿಲು ತುಳಿಯಬೇಕು. ಅದೂ ಬೆಸ ತಿಂಗಳಲ್ಲಿ. ಮೂರರಲ್ಲಿ, ಇಲ್ಲವೇ ಐದರಲ್ಲಿ. ಸರಿ ತಿಂಗಳಲ್ಲಿ ಕಳಿಸಿದರೆ ಕೂಸಿಗೆ ಆಗಿಬರುವುದಿಲ್ಲ. ಮೂರನೇ ತಿಂಗಳು ಬಂತು, ಜೊತೆಗೇ ಆಷಾಢವೂ ಬಂತು. ಅತ್ತೆ ಜಾವಗಲ್ ಬಸ್ಸಿಳಿದು, ತೆಂಗಿನಕಾಯಿ ಚೀಲವನ್ನು ಜಗಲಿಯ ಮೇಲೆ ಕುಕ್ಕಿ, ಕೂರುವುದಕ್ಕೆ ಮುಂಚೆಯೇ ಹೇಳಿದರು. "ಆಸಾಡ್ದಲ್ಲಿ ಕೂಸ್ನ ನಮ್ ಹೊಸ್ಲು ದಾಟ್ಸಂಗಿಲ್ಲ ಕಣ್ರೀ ಬೀಗಿತ್ತಿ. ಆಸಾಡ ಕಳೀಲಿ." ಅವ್ವನೂ, "ಅಯ್ಯೋ, ನಾನೇ ಕಳಿಸ್ತಿರ್ಲಿಲ್ಲ ಬಿಡ್ರೀ. ಆಷಾಢ ಕಳೀಲಿ" ಎಂದಳು. ನನ್ನ ಮದುವೆಯಲ್ಲಿ ಸಾರಿಗೆ ಉಪ್ಪು ಹೆಚ್ಚೋ ಕಮ್ಮಿಯೋ ಎಂದು ಮುಖ ತಿರುಗಿಸಿದ್ದ ಬೀಗಿತ್ತಿಯರು, ಆಮೇಲೆ ಯಾವ ಮಾತಿಗೂ ಒಪ್ಪಿರದವರು, ಇದಕ್ಕೆ ಮಾತ್ರ ತಾಂಬೂಲ ಹಾಕಿಕೊಂಡು ಒಪ್ಪಿದರು.

ಅಪ್ಪ ಗೋಡೆಯ ಕ್ಯಾಲೆಂಡರಿನ ಮುಂದೆ ಕನ್ನಡಕ ಏರಿಸಿ ನಿಂತರು. "ಆಷಾಢ ಕಳೆದ್ರೆ ಶ್ರಾವಣ. ಶ್ರಾವಣದಲ್ಲಿ ಕೂಸಿಗೆ ನಾಕು. ನಾಕರಲ್ಲಿ ನೀವು ಕಳಿಸಲ್ಲ. ಐದಕ್ಕೆ ಬೀಳೋ ಹೊತ್ತಿಗೆ ಇವಳ ವೀಸಾ ಹೋಗಿರುತ್ತೆ."

"ವೀಸಾ ಹೋದ್ರೆ ಇನ್ನೊಂದು ಬತ್ತದೆ" ಎಂದಳು ಅವ್ವ. "ಕೂಸು ಇನ್ನೊಂದು ಬತ್ತದಾ?"

ಅಪ್ಪ ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡರು. ನನ್ನ ತೊಡೆಯ ಮೇಲೆ ಬೆರಳು ಚೀಪುತ್ತಾ ಮಲಗಿದ್ದ ಜೀವವನ್ನು ನೋಡಿದೆ. ಬಿ.ಎ. ಓದಿದ್ದೆ, ವಿಮಾನ ಹತ್ತಿದ್ದೆ, ಆದರೂ ಎದೆಯೊಳಗೆ ಭಯ ಹೊಕ್ಕಿತು. ಮುಂದೆ ಏನಾದರೂ ಒಂದು ನೆಗಡಿ ಬಂದರೂ ಸರಿ ತಿಂಗಳ ನೆನಪು ಬರುತ್ತದಲ್ಲ ಎಂದು.

ಶುಕ್ರವಾರ ಬಸ್ ಸ್ಟ್ಯಾಂಡಿನ ಎಸ್.ಟಿ.ಡಿ. ಬೂತಿಗೆ ಹೋಗಿ ನಮ್ಮವರ ಫೋನಿಗೆ ಕಾದು ಕುಳಿತೆ. ವಿಷಯ ಹೇಳಿದೆ. ಸಿಟ್ಟು ಮಾಡುತ್ತಾರೆ, ತಲೆ ಕೆಟ್ಟಿದೆಯೇನೇ ನಿಮಗೆಲ್ಲ ಎನ್ನುತ್ತಾರೆ, ಆಗ ಹೊರಟುಬಿಡೋಣ ಎಂದು ಒಳಗೆ ಎಲ್ಲೋ ಕಾಯುತ್ತಿದ್ದೆ. ಅವರು, "ಆಷಾಢದಲ್ಲಿ ಬೇಡ ಬಿಡು" ಎಂದರು. "ಹೊಸ ವೀಸಾ ತೆಗೆಸ್ತೀನಿ. ಇಲ್ಲಿ ಎಷ್ಟೋ ಜನ ಹಂಗೇ ಮಾಡಿದಾರೆ, ಏನಾಗಲ್ಲ. ಐದರಲ್ಲಿ ಬಾ." ಅವರು ಜಾವಗಲ್ ಬಿಟ್ಟಿದ್ದರು, ಜಾವಗಲ್ ಅವರನ್ನು ಬಿಟ್ಟಿರಲಿಲ್ಲ. ಹೇಳಿದ್ದೇನೂ ಸುಳ್ಳಲ್ಲ. ಅವತ್ತಿಗೆ ಅಲ್ಲಿ ನಡೆಯುತ್ತಿದ್ದದ್ದು ಹಾಗೆಯೇ.

ಐದರಲ್ಲಿ, ಗೌರಿಹಬ್ಬಕ್ಕೆ ಮುಂಚೆ, ಕೂಸನ್ನು ಜಾವಗಲ್‌ಗೆ ಕರೆದೊಯ್ದರು. ಆರತಿ ಎತ್ತಿದರು, ಕೆನ್ನೆಗೆ ದೃಷ್ಟಿಬೊಟ್ಟಿಟ್ಟರು, ಮದುಮಗಳು ಸೇರಕ್ಕಿ ಒದ್ದು ಬರುವಾಗಿನಷ್ಟು ಸಡಗರದಲ್ಲಿ ಒಳಗೆ ಕರೆದುಕೊಂಡರು. ಅದೇ ವಾರ ಎದುರು ಅಂಗಡಿಯ ಫೋನಿಗೆ ನಮ್ಮವರು ಕರೆ ಮಾಡಿದರು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಓಡಿದೆ.

"ರೂಲ್ಸ್ ಬದಲಾಯಿಸಿಬಿಟ್ರು ಕಣೇ" ಎಂದರು. "ಇನ್ಮೇಲೆ ಮೆಕ್ಯಾನಿಕ್ಕು, ಡ್ರೈವರು, ಇಂಥೋರಿಗೆಲ್ಲ ಫ್ಯಾಮಿಲಿ ವೀಸಾ ಇಲ್ಲವಂತೆ. ಇಲ್ಲಿ ಇರೋ ಹೆಂಗಸರನ್ನ ಕಳಿಸಲ್ವಂತೆ. ಹೊಸಬರಿಗೆ ಇಲ್ಲ."

"ನಾನು ಹೊಸಬಳಾ?" ಎಂದೆ.

"ವೀಸಾ ಬಿದ್ದೋಯ್ತಲ್ಲ. ಅವರ ಲೆಕ್ಕಕ್ಕೆ ಹೊಸಬಳೇ."

ಬಾಗಿಲ ಹಿಂದೆ ನನ್ನ ನೈಟಿ ನೇತಾಡುತ್ತಿದೆಯಲ್ಲ ಎಂದು ಹೇಳಬೇಕೆನಿಸಿತು. ಮನೆಗೆ ಬಂದು ಅರ್ಧ ರುಬ್ಬಿಟ್ಟಿದ್ದ ಕಾಯಿಯನ್ನು ಪೂರ್ತಿ ರುಬ್ಬಿದೆ. ಸುದ್ದಿ ತಿಳಿದ ಅತ್ತೆ, "ಅಯ್ಯೋ ನಮ್ಮವ್ವಾ!" ಎಂದು ಹಣೆ ಚಚ್ಚಿಕೊಂಡರು. ಹಳೇಬೀಡಿನಲ್ಲಿ ಅವ್ವ ಎರಡು ದಿನ ಸರಿಯಾಗಿ ಉಣ್ಣಲಿಲ್ಲವಂತೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ನೆಂಟರೊಬ್ಬರು ನನ್ನೆದುರೇ ಅಂದರು. ಇನ್ನೊಂದು ತಿಂಗಳು ಬಿಟ್ಟು ಬದಲಾಯಿಸಬಾರದಿತ್ತೇ ಎಂದು ಅಪ್ಪ ಗೊಣಗಿದರು. ಕೋಳಿ ಕೇಳಿ ಯಾರಾದರೂ ಮಸಾಲೆ ಅರೆಯುತ್ತಾರೆಯೇ? ನನಗೆ ಮಾತ್ರ ಅಳು ಬರಲಿಲ್ಲ. ನಾಳೆ ಬರಬಹುದು ಎಂದುಕೊಂಡೆ. ನಾಳೆಯೂ ಬರಲಿಲ್ಲ.

ಮೊದಮೊದಲು ಶುಕ್ರವಾರಕ್ಕೊಂದು ಸುದ್ದಿ ಇರುತ್ತಿತ್ತು. ಕಂಪನಿಯವರು ಸೂಪರ್‌ವೈಸರ್ ಎಂದು ಬರೆದುಕೊಟ್ಟರೆ ಆಗುತ್ತದಂತೆ, ಬರೆದುಕೊಡುವುದಿಲ್ಲವಂತೆ, ಮುಂದಿನ ವರ್ಷ ಸಡಿಲವಾಗುತ್ತದಂತೆ. ಆಮೇಲೆ ಸುದ್ದಿ ನಿಂತು ಊಟ ಆಯ್ತಾ ಎಂಬುದಷ್ಟೇ ಉಳಿಯಿತು. ರೂಮು ಬಿಟ್ಟು ಬ್ಯಾಚುಲರ್‌ಗಳ ಕ್ಯಾಂಪಿಗೆ ಹೋದರು. ಮಗಳಿಗೆ ಎರಡು ತುಂಬುವ ಹೊತ್ತಿಗೆ ಮೊದಲ ರಜಕ್ಕೆ ಬಂದಾಗ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ನನ್ನ ಸಾಮಾನೆಲ್ಲ ತಂದಿದ್ದರು. ನೈಟಿ, ಚಪ್ಪಲಿ, ಅರ್ಧ ಪೌಡರ್ ಡಬ್ಬಿ. ತಳದಲ್ಲಿ ಗಂಡಸಿಯ ರಾಗಿಹಿಟ್ಟು. "ಎಸೆಯೋಕೆ ಮನಸ್ಸು ಬರಲಿಲ್ಲ" ಎಂದರು. ಹುಳ ಬಿದ್ದಿತ್ತು. ಅತ್ತೆ ಎಮ್ಮೆಯ ಬಾನಿಗೆ ಸುರಿದರು.

ಹಳೇಬೀಡಿನ ಕಾನ್ವೆಂಟಿನಲ್ಲಿ ಟೀಚರ್ ಕೆಲಸ ಸಿಕ್ಕಿತು, ಮಗಳ ಜೊತೆ ತವರಿಗೆ ಬಂದು ಅಲ್ಲೇ ಉಳಿದೆ. ಶಾಲೆಗೆ ಹೋಗುವ ದಾರಿಯಲ್ಲಿ ದೇವಸ್ಥಾನದೆದುರು ಟೂರಿಸ್ಟ್ ಬಸ್ಸಿನಿಂದ ಬಿಳಿಯ ಗಂಡ ಹೆಂಡತಿಯರು ಚಡ್ಡಿ ಹಾಕಿಕೊಂಡು ಇಳಿಯುತ್ತಿದ್ದರು. ಇವರಲ್ಲಿ ಯಾರು ಮೆಕ್ಯಾನಿಕ್ಕೋ, ಯಾರು ಡ್ರೈವರೋ ಎಂದು ನೋಡುತ್ತಾ ಹೋಗುತ್ತಿದ್ದೆ.

ಎರಡು ವರ್ಷಕ್ಕೊಮ್ಮೆ ನಮ್ಮವರು ಬರುವರು. ಅವ್ವ ಕಜ್ಜಾಯ ಮಾಡುವಳು, ಅಪ್ಪ ಅಳಿಯಂದಿರೇ ಎಂದು ಎದ್ದು ನಿಲ್ಲುವರು. ಅವರು ಬೆಳಿಗ್ಗೆ ಎದ್ದು ತಮ್ಮ ಹಾಸಿಗೆಯನ್ನು ತಾವೇ ಚೌಕಾಕಾರಕ್ಕೆ ಮಡಿಸಿಡುವರು, ಉಂಡ ತಟ್ಟೆಯನ್ನು ತಾವೇ ತೊಳೆದು ಗೋಡೆಗೆ ಒರಗಿಸುವರು. ಕ್ಯಾಂಪಿನ ಅಭ್ಯಾಸ. ಬಿಡ್ರೀ ನಾನಿಲ್ವಾ ಎಂದರೆ ನಾಚಿಕೊಂಡು ನಗುವರು. ಸಂಜೆ ಮಗಳನ್ನು ಕರೆದುಕೊಂಡು ಬಸ್ತಿಹಳ್ಳಿಗೆ ನಡೆದು ಹೋಗುತ್ತಿದ್ದೆವು. ಅಲ್ಲಿಯ ಬಸದಿಯ ಕಂಬಗಳು ಕನ್ನಡಿಯ ಹಾಗೆ ಹೊಳೆಯುತ್ತವೆ. ಮಗಳು ಅವುಗಳೊಳಗೆ ತನ್ನ ಮುಖ ನೋಡಿಕೊಂಡು ಕಿಸಕಿಸ ನಗುವಳು. ನಾವಿಬ್ಬರೂ ಹಿಂದೆ ನಿಲ್ಲುವೆವು. ಏನಾದರೂ ಮಾತಾಡಬೇಕು ಎಂದು ಇಬ್ಬರಿಗೂ ಗೊತ್ತಿತ್ತು. "ಈ ಸಲ ಮಳೆ ಪರವಾಗಿಲ್ಲ ಅಲ್ವಾ?" ಎಂದು ಅವರು ಕೇಳುತ್ತಿದ್ದರು.

ಪ್ರತಿ ಆಷಾಢದಲ್ಲೂ ಅವ್ವ ಮಂಕಾಗುತ್ತಿದ್ದಳು. ಒಂದು ಸಲ ಹುರಳಿ ಕೇರುತ್ತಿದ್ದವಳು, "ನಾನೇ ಕಣೇ ನಿನ್ ಬಾಳು ಕಟ್ಟಾಕ್ದೋಳು" ಎಂದಳು. ಶಾಲೆಯಲ್ಲಿ ಚಾಕ್ ಮುರಿದರೂ ರೇಗುವವಳು ನಾನು. ಮಕ್ಕಳು ನನ್ನನ್ನು ಒಗ್ಗರಣೆ ಮಿಸ್ ಎಂದು ಕರೆಯುತ್ತಿದ್ದುದೂ ಗೊತ್ತು. ಅವ್ವನ ಮೇಲೆ ಮಾತ್ರ ಸಿಟ್ಟು ಬರಲಿಲ್ಲ. ಅವಳ ಮೇಲಾಗಲಿ, ನಮ್ಮವರ ಮೇಲಾಗಲಿ, ನೋಡದೇ ಇರುವ ಆ ದೇಶದ ದೊಡ್ಡವರ ಮೇಲಾಗಲಿ. ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು. "ಬಿಡವ್ವ" ಎಂದೆ.

ಎಲ್ಲರ ಕೈಗೂ ಮೊಬೈಲ್ ಬರತೊಡಗಿದ್ದ ಕಾಲದಲ್ಲಿ, ಒಂದು ಭಾನುವಾರ ಮಧ್ಯಾಹ್ನ ಜಗಲಿಯಲ್ಲಿ ಟೆಸ್ಟ್ ಪೇಪರ್ ತಿದ್ದುತ್ತಿದ್ದೆ. ಅವ್ವ ಪಕ್ಕದಲ್ಲಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಮಗಳು ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದಳು. ಅವಳಾಗ ನನ್ನ ಭುಜಕ್ಕೆ ಬರುತ್ತಿದ್ದಳು. ಫೋನ್ ಬಂತು. ನಮ್ಮವರ ದನಿಯಲ್ಲಿ ಏದುಸಿರು.

"ಲೇ, ರೂಲ್ಸ್ ಸಡಿಲ ಮಾಡಿದಾರೆ ಕಣೇ! ಮೆಕ್ಯಾನಿಕ್ಕಾದ್ರೂ ಕೊಡ್ತಾರಂತೆ. ನಮ್ಮ ಜೊತೆಯವನೊಬ್ಬನಿಗೆ ಆಗ್ಲೇ ಸಿಕ್ತು. ರೂಮು ನೋಡಿದೀನಿ, ಈ ಸಲ ಅಡುಗೆಮನೆ ನಮ್ದೇ. ಪಾಪುಗೆ ಸ್ಕೂಲು ಹತ್ರದಲ್ಲೇ ಐತೆ. ಬರ್ತೀಯಲ್ಲ?"

ಉತ್ಸಾಹ ಬಂದರೆ ಮಾತ್ರ ಅವರ ಬಾಯಲ್ಲಿ ಜಾವಗಲ್‌ನ 'ಐತೆ' ಬರುತ್ತಿತ್ತು. ಎಷ್ಟೋ ವರ್ಷವಾಗಿತ್ತು ಅದನ್ನು ಕೇಳಿ. ಅವ್ವನ ಕೈ ಮೊರದಲ್ಲಿ ನಿಂತುಹೋಗಿತ್ತು. ಈ ಫೋನ್ ಬಂದ ದಿನ ಏನು ಮಾಡುತ್ತೇನೆ ಎಂದು ಮೊದಮೊದಲು ಎಷ್ಟು ಸಲ ಯೋಚಿಸಿದ್ದೆನೋ ಲೆಕ್ಕವಿಲ್ಲ. ಕೆಂಪು ಪೆನ್ನಿನ ಮುಚ್ಚಳ ಹಾಕಿದೆ. ಸಮುದ್ರದ ದಂಡೆ, ಐಸ್‌ಕ್ರೀಮು, ಬಾಗಿಲ ಹಿಂದಿನ ಮೊಳೆ ಎಲ್ಲವನ್ನೂ ನೆನೆಸಿಕೊಂಡು ನೋಡಿದೆ. ಒಳಗೆ ಯಾವುದೂ ಅಲ್ಲಾಡಲಿಲ್ಲ. ಅವರು ಒಳ್ಳೆಯವರು, ನೋಯಿಸಬಾರದು ಎಂದಷ್ಟೇ ಅನ್ನಿಸಿತು.

"ಆಷಾಢ ಕಳೀಲಿ ರೀ" ಎಂದೆ.

ಆ ಕಡೆ ಯಾರೋ ಹಿಂದಿಯಲ್ಲಿ ಕೂಗಾಡುವುದು ಕೇಳುತ್ತಿತ್ತು.

"ಇದು ಕಾರ್ತಿಕ ಅಲ್ವೇನೇ?" ಎಂದರು.

"ಹೌದು."

ಅವ್ವ ನನ್ನ ಕಡೆ ನೋಡಲಿಲ್ಲ. ಅಂಗಳದಲ್ಲಿ ಮಗಳು ಒಂಟಿ ಕಾಲಿನಲ್ಲಿ ಮನೆಯಿಂದ ಮನೆಗೆ ಹಾರುತ್ತಿದ್ದಳು.

"ಊಟ ಆಯ್ತಾ?" ಎಂದು ಅವರು ಕೇಳಿದರು.

ಆಯ್ತು ಎಂದೆ.