ತಳ ಕಟ್ಟಿದ ಬಲೆ

ಆಗೆಲ್ಲ ನಮ್ಮ ಕಡೆ ಬೇಸಿಗೆ ರಜೆಗೆ ಶಿಬಿರ ಎನ್ನುವ ಪದ್ಧತಿ ಇರಲಿಲ್ಲ. ಗೇರುಬೀಜ ಹೆಕ್ಕುವುದು, ಒಣಮೀನಿಗೆ ಬರುವ ಕಾಗೆ ಅಟ್ಟುವುದು, ಅಮ್ಮ ಮಲಗಿದ ಮೇಲೆ ಮಾವಿನಕಾಯಿಗೆ ಉಪ್ಪು, ಮೆಣಸಿನಪುಡಿ ಹಚ್ಚಿ ತಿನ್ನುವುದು, ರಜೆ ಎಂದರೆ ಇಷ್ಟೇ. ನಾನು ನಾಲ್ಕನೇ ಕ್ಲಾಸು ಮುಗಿಸಿದ ವರ್ಷ, ಕುಂದಾಪುರದ ಹೊರಗೆ ಹೆದ್ದಾರಿ ಪಕ್ಕದ ಮೈದಾನದಲ್ಲಿ ಸಣ್ಣ ಮಕ್ಕಳಿಗೆ ಹದಿನೈದು ದಿನ ಬಾಸ್ಕೆಟ್‌ಬಾಲ್ ಕಲಿಸುತ್ತಾರಂತೆ ಎಂದಾಗ ಅಮ್ಮ ಕೇಳಿದ್ದು ಒಂದೇ ಮಾತು: "ಅಲ್ಲ್ ತಿಂಬುಕ್ ಎಂತಾರೂ ಕೊಡ್ತ್ರಾ?"

ಕೊಡುತ್ತಿದ್ದರು. ಬೆಳಿಗ್ಗೆ ಏಳಕ್ಕೆ ಶುರು, ಹನ್ನೊಂದಕ್ಕೆ ಮನೆಗೆ. ನಡುವೆ ಬೆಲ್ಲ, ಕಾಯಿತುರಿ ಹಾಕಿದ ಅವಲಕ್ಕಿ, ಒಂದು ಲೋಟ ಪುನರ್ಪುಳಿ ಪಾನಕ. ನಾವು ಇಪ್ಪತ್ತಮೂರು ಮಕ್ಕಳು, ನಾಲ್ಕು ಬಾಲು. ನೆಲ ಕೆಂಪು ಮಣ್ಣಿನದು. ಎರಡನೇ ದಿನಕ್ಕೆ ಬಾಲು, ಅಂಗೈ, ಅಂಗಿ ಎಲ್ಲ ಒಂದೇ ಬಣ್ಣವಾದವು. ಮೂಗಿನಲ್ಲಿ ರಬ್ಬರಿನ ವಾಸನೆ ಮಧ್ಯಾಹ್ನದ ಗಂಜಿಯವರೆಗೂ ಉಳಿಯುತ್ತಿತ್ತು.

ಕಲಿಸುತ್ತಿದ್ದ ಸರ್ ಕಾಲೇಜಿನಲ್ಲಿ ಈ ಆಟ ಆಡಿದವರು. ದೊಡ್ಡವರ ರಿಂಗು ನಮಗೆ ಎಟುಕದೆಂದು ಕಬ್ಬಿಣದ ಸರಳು ಬಗ್ಗಿಸಿ, ಅದೇ ಕಂಬಕ್ಕೆ ಸ್ವಲ್ಪ ಕೆಳಗೆ ಇನ್ನೊಂದು ರಿಂಗು ವೆಲ್ಡಿಂಗ್ ಮಾಡಿಸಿದ್ದರು. ಅದಕ್ಕೆ ಬಲೆ ಇರಲಿಲ್ಲ. ಯಾರ ಮನೆಯಲ್ಲಾದರೂ ಬಲೆ ಹೆಣೆಯುವವರು ಇದ್ದಾರಾ ಎಂದು ಅವರು ಕೇಳಿದಾಗ ನಾನು ಕೈ ಎತ್ತಿದೆ.

ನನ್ನ ಅಜ್ಜಯ್ಯ ಕಡಲಿಗೆ ಹೋಗುವುದನ್ನು ಬಿಟ್ಟಿದ್ದರು. ದಡದ ಚಪ್ಪರದಡಿ ಕೂತು ಬೇರೆಯವರ ಹರಿದ ಬಲೆಗಳನ್ನು ಸರಿ ಮಾಡುತ್ತಿದ್ದರು. ಬಾಸ್ಕೆಟ್‌ಬಾಲ್ ಅವರು ಕಂಡ ಆಟವಲ್ಲ. ಸರ್ ಕಳಿಸಿದ ಬಾಲನ್ನು ಎರಡು ದಿನ ಪಕ್ಕದಲ್ಲಿಟ್ಟುಕೊಂಡು, ಅದರ ಅಳತೆಗೆ ನೀಲಿ ನೈಲಾನ್ ಹುರಿಯಲ್ಲಿ ಬಲೆ ಹೆಣೆದು ಕೊಟ್ಟರು. ಸರ್ ಅದನ್ನು ರಿಂಗಿಗೆ ಕಟ್ಟಿದರು. ನಮಗಿಂತ ಒಂದು ಕ್ಲಾಸು ದೊಡ್ಡವನಾದ ರಕ್ಷಿತ್ ಮೊದಲ ಬಾಲು ಎಸೆದ. ಬಾಲು ಒಳಗೆ ಬಿತ್ತು, ಅಲ್ಲೇ ಕೂತಿತು. ಅಜ್ಜಯ್ಯ ಬಲೆಯ ತಳ ಕಟ್ಟಿದ್ದರು.

"ಹ್ವಾಯ್, ಬಂಗ್ಡೆ ಬಿತ್ತ್!" ಎಂದು ಯಾರೋ ಕೂಗಿದರು. ನನ್ನೊಬ್ಬಳನ್ನು ಬಿಟ್ಟು ಎಲ್ಲರೂ ನಕ್ಕರು.

ಸರ್ ಕೋಲಿನಿಂದ ಬಾಲನ್ನು ಮೇಲಕ್ಕೆ ತಿವಿದು ಹೊರಗೆ ಹಾಕಿದರು. "ಇರಲಿ ಬಿಡಿ, ಬಾಲು ರಸ್ತೆಗಾದರೂ ಓಡುವುದಿಲ್ಲ" ಎಂದರು. ನಾಲ್ಕು ದಿನ ಹಾಗೇ ಆಡಿದೆವು. ಆ ನಾಲ್ಕು ದಿನ ಬಿತ್ತು, ಬೀಳಲಿಲ್ಲ ಎಂಬ ಜಗಳ ಒಂದೂ ಆಗಲಿಲ್ಲ. ಬಿದ್ದ ಬಾಲು ಎಲ್ಲರ ಕಣ್ಣೆದುರು ಬಲೆಯಲ್ಲಿರುತ್ತಿತ್ತು. ಮೊದಲ ಬಾರಿ ಬಾಲು ಹಾಕಿದವರ ಹೆಸರನ್ನು ಸರ್ ಕಂಪೌಂಡ್ ಗೋಡೆಯ ಮೇಲೆ ಇದ್ದಿಲಿನಿಂದ ಬರೆಯುತ್ತಿದ್ದರು.

ಆದರೆ ರಕ್ಷಿತ್ ಬಿಡಲಿಲ್ಲ. "ಸುಮಾ, ನಿನ್ನಜ್ಜಯ್ಯಂಗೆ ಹೇಳ್, ಇದ್ ಮೀನ್ ಹಿಡುಕಲ್ಲ. ಟೀವಿಯಂಗೆ ಹಿಂಗಿಲ್ಲೆ."

ನಾನು ಅದನ್ನು ಮನೆಯಲ್ಲಿ ಅವನಿಗಿಂತ ಗಡುಸಾಗಿ ಹೇಳಿದೆ.

"ಬಲೆ ಅಂದ್ಮೇಲೆ ಹಿಡುಕಲ್ದಾ ಮಗಾ? ಬಿಡುಕೆ ಬಲೆ ಎಂತಕ್ಕೆ?" ಎಂದರು ಅಜ್ಜಯ್ಯ.

"ನಿಮ್ಗ್ ಗೊತ್ತಾತಿಲ್ಲೆ ಅಜ್ಜಯ್ಯ. ಎಲ್ಲರೂ ನೆಗಾಡ್ತ್ರ್."

ಮರುದಿನ ಅವರು ಚೂರಿ ಹಿಡಿದು ಮೈದಾನಕ್ಕೆ ಬಂದು, ತಳದ ಗಂಟುಗಳನ್ನು ಕೊಯ್ದು ಹೋದರು.

ಪ್ರಮೀಳಾ ನಮ್ಮ ಕೇರಿಯವಳೇ, ಶಾಲೆಯಲ್ಲಿ ನನ್ನ ಬೆಂಚಿನವಳು. ನಮ್ಮೆಲ್ಲರಿಗಿಂತ ಗಿಡ್ಡ. ಬಾಲನ್ನು ಎರಡೂ ಕೈಯಲ್ಲಿ ಮೊಣಕಾಲಿನ ನಡುವಿನಿಂದ, ಬಾವಿಯಿಂದ ಕೊಡಪಾನ ಎತ್ತಿದ ಹಾಗೆ ಎತ್ತಿ ಎಸೆಯುತ್ತಿದ್ದಳು. ಹದಿನಾಲ್ಕನೇ ದಿನಕ್ಕೆ ಗೋಡೆಯ ಮೇಲೆ ಇಪ್ಪತ್ತೆರಡು ಹೆಸರುಗಳಿದ್ದವು. ಅವಳದು ಇರಲಿಲ್ಲ. ಅವಳ ಅಮ್ಮ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುತ್ತಿದ್ದವರು.

"ನಾಳೆ ಅಮ್ಮ ಗ್ವಾಡೆ ಕಾಂಬುಕ್ ಬತ್ರ್. ಅವ್ರಿಗೆ ಓದುಕ್ ಬತ್ತಿಲ್ಲೆ, ನಾನೇ ತೋರ್ಸುದ್" ಎಂದಳು ಪ್ರಮೀಳಾ.

"ಬೀಳ್ದಿರೆ?"

"ಬೀಳತ್ತ್ ಕಾಣ್."

ಕೊನೆಯ ದಿನ ಎರಡು ತಂಡ ಮಾಡಿ ಮ್ಯಾಚ್ ಇಟ್ಟರು. ನಾನು ರಕ್ಷಿತನ ತಂಡ, ಪ್ರಮೀಳಾ ಎದುರು ತಂಡ. ಅಜ್ಜಯ್ಯನೂ ಬಂದು ಗೋಡೆಯಾಚೆ, ತಲೆಗೆ ಬೈರಾಸು ಸುತ್ತಿಕೊಂಡು ನಿಂತಿದ್ದರು.

ಆಮೇಲಿನದನ್ನು ನಾನು ಮನಸ್ಸಿನಲ್ಲಿ ಎಷ್ಟೋ ಸಲ ಕಂಡಿದ್ದೇನೆ. ಹಾಗಾಗಿ ನಿಧಾನವಾಗಿ ಬರೆಯುತ್ತೇನೆ. ಸರ್ ಮೈದಾನದ ಆ ತುದಿಯಲ್ಲಿ ಬಗ್ಗಿ ಒಬ್ಬ ಪುಟ್ಟ ಹುಡುಗನ ಶೂ ದಾರ ಕಟ್ಟುತ್ತಿದ್ದರು. ನಾನು ರಿಂಗಿನ ಕೆಳಗೆ, ಕಂಬದಿಂದ ಎರಡು ಹೆಜ್ಜೆ ಎಡಕ್ಕೆ ಇದ್ದೆ. ಪ್ರಮೀಳಾ ಎಸೆದಳು. ಬಾಲು ರಿಂಗಿನ ಹಿಂದಿನ ಅಂಚಿಗೆ ತಾಗಿತು, ಒಂದು ಅರ್ಧ ಸುತ್ತು ಸುತ್ತಿತು, ಒಳಗೆ ಬಿತ್ತು. ಬಲೆಯ ತುದಿ ಮೇಲಕ್ಕೆ ಹಾರಿತು. ಬಾಲು ನನ್ನ ಕಾಲಿನ ಹತ್ತಿರ ಬಿದ್ದು ಉರುಳಿತು.

"ಬಿತ್ತ್! ಬಿತ್ತ್!" ಎಂದು ಅವಳ ತಂಡ ಕುಣಿಯಿತು. "ಹೊರ್ಗಿಂದ ಹೋಯ್ತ್" ಎಂದು ನಮ್ಮ ತಂಡ ಕಿರುಚಿತು. ಸರ್ ಓಡಿ ಬಂದರು.

"ಬಿತ್ತ್ ಮಾಸ್ಟ್ರೇ" ಎಂದರು ಅಜ್ಜಯ್ಯ ಗೋಡೆಯಾಚೆಯಿಂದ. "ಹೊರ್ಗಿಂದ ತಾಗಿರೆ ಬಲೆ ಆಚೀಚೆ ಆಡತ್ತ್. ಇದ್ ಮೇಲ್ ಹಾರಿತ್. ಬಾಲ್ ಒಳಗಿಂದ್ಲೇ ಹೋದ್ದ್."

"ತಳ ಕಟ್ಟಿದವ್ರ್ ಈಗ ಅಂಪೈರ್ ಆಯ್ರ್!" ಎಂದ ರಕ್ಷಿತ್.

ಮತ್ತೆ ಅದೇ ನಗು. ಈ ಸಲ ಎರಡೂ ತಂಡದವರು ನಕ್ಕರು. ಸರ್ ನನ್ನ ಕಡೆ ತಿರುಗಿದರು. "ಸುಮಾ, ನೀನು ಹತ್ತಿರ ಇದ್ದೆ. ಬಿತ್ತಾ?"

ಪ್ರಮೀಳಾ ನನ್ನನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ. ನಾನು ಕಂಡಿದ್ದೇನೆ ಎಂದು ಅವಳಿಗೆ ಗೊತ್ತಿತ್ತು. ತಂಡ ಸೋಲುತ್ತದೆಂದು ನಾನು ಸುಳ್ಳು ಹೇಳಿದ್ದಲ್ಲ. ಹೌದು ಎಂದರೆ, ಎಲ್ಲರೂ ನಗುತ್ತಿದ್ದ ಆ ಮುದುಕನ ಪಕ್ಕಕ್ಕೆ ಹೋಗಿ ನಿಂತ ಹಾಗಾಗುತ್ತಿತ್ತು.

"ನಾ ಕಾಣ್ಲಿಲ್ಲೆ ಸರ್" ಎಂದೆ.

ಆ ಬಾಲು ಲೆಕ್ಕಕ್ಕೆ ಬರಲಿಲ್ಲ; ಆಟ ಮತ್ತೆ ನಡುವಿನಿಂದ ಶುರುವಾಯಿತು. ಆಟ ಮುಗಿದ ಮೇಲೆ ಸರ್ ಇದ್ದಿಲು ಹಿಡಿದು, "ಪ್ರಮೀಳಾ, ನಿನ್ನ ಹೆಸರೂ ಬರೆಯೋಣ ಬಾ" ಎಂದು ಕರೆದರು. "ಬ್ಯಾಡ ಸರ್, ಸುಮ್ನೆ ಎಂತಕ್ಕೆ" ಎಂದಳು ಅವಳು. ಅವಳ ಅಮ್ಮ ಖಾಲಿ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಗೇಟಿನಲ್ಲಿ ಕಾಯುತ್ತಿದ್ದರು. ಪ್ರಮೀಳಾ ಅವರ ಕೈ ಹಿಡಿದು, ಗೋಡೆಯ ಕಡೆ ಬಾರದೆ, ರಸ್ತೆಗೆ ಎಳೆದುಕೊಂಡು ಹೋದಳು.

ಮನೆ ದಾರಿಯಲ್ಲಿ ಅರ್ಧ ದೂರ ಬಂದ ಮೇಲೆ ಅಜ್ಜಯ್ಯ ಕೇಳಿದರು: "ನೀ ಕಂಡಿದ್ಯಲೆ?"

ನಾನು ಹೌದೆಂದು ತಲೆ ಆಡಿಸಿದೆ. ಅವರು ಬೈಯಲಿಲ್ಲ.

ಎರಡು ದಿನದ ನಂತರ ನಾನು ಮೈದಾನದ ದಾರಿಯಲ್ಲಿ ಅಂಗಡಿಗೆ ಹೋಗುವಾಗ, ಅಜ್ಜಯ್ಯ ಒಂದು ಸ್ಟೂಲಿನ ಮೇಲೆ ನಿಂತು ಬಲೆಯ ತಳವನ್ನು ಮತ್ತೆ ಕಟ್ಟುತ್ತಿದ್ದರು.

"ಶಿಬಿರ ಮುಗ್ದಿತ್ತಲ್ದಾ ಅಜ್ಜಯ್ಯ, ಈಗೆಂತಕ್ಕೆ?"

"ಇರ್ಲಿ. ಬಾಲ್ ಒಳಗೇ ಕೂತ್ರೆ ಯಾರನ್ನೂ ಕೇಳುದ್ ಬ್ಯಾಡ" ಎಂದರು, ಕೆಳಗೆ ನೋಡದೆ.

ಜೂನ್ ಮಳೆಗೆ ಗೋಡೆಯ ಇಪ್ಪತ್ತೆರಡು ಹೆಸರುಗಳೂ ತೊಳೆದುಹೋದವು. ಶಾಲೆ ಶುರುವಾದಾಗ ಪ್ರಮೀಳಾ ಬೇರೆ ಬೆಂಚಿನಲ್ಲಿ ಕೂತಳು. ಜಗಳವಾಡಲಿಲ್ಲ, ಕೂತಳು ಅಷ್ಟೇ. ನಾನು ಹೈಸ್ಕೂಲಿನಲ್ಲಿರುವಾಗ ಅಜ್ಜಯ್ಯ ತೀರಿಕೊಂಡರು. ಹೆದ್ದಾರಿ ಅಗಲ ಮಾಡುವಾಗ ಮೈದಾನದ ಅರ್ಧ ಭಾಗ, ಕಂಬ, ಗೋಡೆ ಎಲ್ಲ ಹೋದವು.

ಬಹಳ ವರ್ಷಗಳ ಮೇಲೆ ಬೈಂದೂರಿನ ಬಸ್ ನಿಲ್ದಾಣದಲ್ಲಿ ಪ್ರಮೀಳಾ ಸಿಕ್ಕಳು. ಮದುವೆಯಾಗಿ ಯಡ್ತರೆಯಲ್ಲಿದ್ದಾಳೆ. ಜೊತೆಗೆ ಆರು ವರ್ಷದ ಮಗಳು. ಹಳೆಯ ಮಾತು ಬಂತು. ಅವಳು ಮಗಳಿಗೆ ನನ್ನನ್ನು ತೋರಿಸಿ ನಗುತ್ತ ಹೇಳಿದಳು: "ನಾವಿಬ್ರೂ ಬಾಸ್ಕೆಟ್‌ಬಾಲ್ ಆಡ್ತಿದ್ದಿತ್ತ್ ಮಗಾ. ಎಲ್ರೂ ಬಾಲ್ ಹಾಕಿರ್, ನಂದ್ ಒಂದೂ ಬೀಳ್ಲಿಲ್ಲೆ."

ಅವಳು ಕೊಂಕು ಮಾತಾಡುತ್ತಿರಲಿಲ್ಲ. ಇಷ್ಟು ವರ್ಷಗಳಲ್ಲಿ ಅವಳೂ ಅದನ್ನೇ ನಂಬಿಬಿಟ್ಟಿದ್ದಳು.

"ಬಿದ್ದಿತ್ತ್" ಎಂದೆ.

ಅವಳ ನಗು ನಿಂತಿತು. "ನೀ ಕಂಡಿದ್ಯಾ?"

"ಕಂಡಿದ್ದೆ."

ಬಸ್ಸು ಬಂದು ನಿಂತಿತು. ಅವಳು ಮಗಳನ್ನು ಮೆಟ್ಟಿಲಿಗೆ ಹತ್ತಿಸಿ, ತಾನು ಒಂದು ಕಾಲು ಮೇಲಿಟ್ಟು, ತಿರುಗಿ ಹೇಳಿದಳು: "ಹಂಗಾರೆ ನಿನ್ನಜ್ಜಯ್ಯ ಹೇಳಿದ್ದ್ ಸಮಾ ಇತ್ತ್."

ಬಸ್ಸು ಹೋಯಿತು. ಆ ಮಾತು ಕೇಳಲು ಅಜ್ಜಯ್ಯ ಇರಲಿಲ್ಲ. ಅವಳ ಹೆಸರು ಬರೆಯಲು ಗೋಡೆಯೂ ಇಲ್ಲ.