ಹಲ್ಲಿ ನುಡಿದ ಮಧ್ಯಾಹ್ನ

ಹೊಸ ಇಳಕಲ್ ಸೀರೆಯ ಮಡಿಕೆ ಬಿಚ್ಚಿದಾಗ ಬರುವ ಗಂಜಿಯ ವಾಸನೆ ಇವತ್ತಿಗೂ ನನ್ನನ್ನು ನಮ್ಮ ಮಗ್ಗದ ಮನೆಗೆ ಎಳೆದೊಯ್ಯುತ್ತದೆ. ಆ ಮನೆ ಈಗಿಲ್ಲ. ನೀವೂ ಅಂಥದೊಂದನ್ನು ಕಳೆದುಕೊಂಡಿರಬಹುದು. ಅಲ್ಲಿ ಅಪ್ಪನ ತಂಗಿ ಗಂಗತ್ತೆ ಇದ್ದಳು, ಹುಟ್ಟುಗುರುಡಿ. ನಡೆಯುವಾಗ ನಾಲಿಗೆಯನ್ನು ಲೊಚ್ ಲೊಚ್ ಅನ್ನಿಸುತ್ತಿದ್ದಳು. ಆ ಸದ್ದು ಗೋಡೆಗೆ, ಕಂಬಕ್ಕೆ ತಾಗಿ ತಿರುಗಿ ಬಂದದ್ದರಲ್ಲೇ ಅವಳಿಗೆ ದಾರಿ ತಿಳಿಯುತ್ತಿತ್ತು. ಹುಟ್ಟಿನಿಂದ ಕಣ್ಣಿಲ್ಲದವರ ಮಿದುಳಿನಲ್ಲಿ ನೋಟಕ್ಕಿರುವ ಜಾಗವೂ ಸದ್ದಿನ ಕೆಲಸಕ್ಕೆ ಒದಗುತ್ತದೆಂದು ಮೊನ್ನೆ ಡಾಕ್ಟರೊಬ್ಬರು ಹೇಳಿದರು. ಆಗ ಅದನ್ನು ಹೇಳುವವರು ಯಾರಿದ್ದರು?

ಮನೆಯಲ್ಲಿದ್ದದ್ದು ಬರೀ ಅನುಮಾನ. "ಗಂಗೀಗೆ ಕಣ್ಣು ಕಾಣ್ತಾವ. ಕುಂತು ತಿನ್ನಾಕ ನಾಟಕ ಮಾಡ್ತಾಳ," ಎನ್ನುತ್ತಿದ್ದಳು ಅಪ್ಪನ ಅತ್ತಿಗೆ, ನಮ್ಮ ದೊಡ್ಡವ್ವ. ಒಂದು ದಿನ ಬಣ್ಣದ ಖಾಲಿ ಪೀಪಾಯಿಯನ್ನು ಸಪ್ಪಳವಿಲ್ಲದೆ ಪಡಸಾಲೆಯ ನಡುವೆ ಇಟ್ಟು, ಬಾಗಿಲ ಮರೆಗೆ ನಿಂತಳು. ಅತ್ತೆ ಲೊಚಗುಟ್ಟುತ್ತ ಬಂದಳು, ತಡೆದು ನಿಂತಳು, ಪೀಪಾಯಿಯನ್ನು ಬಳಸಿ ಹೋದಳು. ಅಷ್ಟೇ ಸಾಕಾಯಿತು. ಅವತ್ತಿನಿಂದ ಅಪ್ಪನೂ ತಂಗಿಯ ರೆಪ್ಪೆಗಳನ್ನು ಕದ್ದು ನೋಡತೊಡಗಿದ.

ಒಂದು ಮಧ್ಯಾಹ್ನ ಮಗ್ಗಗಳು ನಿಂತಿದ್ದವು. ನಾನೂ ಅತ್ತೆಯೂ ಅಡುಗೆಮನೆಯ ಹೊರಗೆ ನಿಂತಿದ್ದೆವು. ಅವಳ ಕೈ ನನ್ನ ಹೆಗಲ ಮೇಲಿತ್ತು. ಒಳಗೆ ದೊಡ್ಡವ್ವ ಅಪ್ಪನಿಗೆ ಹೇಳುತ್ತಿದ್ದಳು: "ಎಲ್ಲೆರ ಆಶ್ರಮದಾಗ ಬಿಟ್ಟು ಬಾಪ್ಪಾ. ಅಲ್ಲೇ ದುಡಕೊಂಡು ತಿನ್ನಲಿ. ಆಕಿ ಚಲೋದಕ್ಕ ಹೇಳಾಕತ್ತೇನಿ." ಅಪ್ಪ ರೊಟ್ಟಿ ಮುರಿಯುತ್ತ ಕೂತಿದ್ದ. ಆಗ ಲೊಚ್ ಎಂದಿತು. ಮಾತಿನ ನಡುವೆ ಹಲ್ಲಿ ಲೊಚಗುಟ್ಟಿದರೆ ಆ ಮಾತು ನಿಜವಾಗುತ್ತದೆಂದು ನಮ್ಮ ಕಡೆ ನೆಲ ಕುಟ್ಟುತ್ತಾರೆ. ಅಪ್ಪ ಬೆರಳಿನಿಂದ ನೆಲ ಕುಟ್ಟಿದ. "ಹಲ್ಲಿ ನುಡೀತು. ಆತು, ಬಿಟ್ಟು ಬರ್ತೇನಿ," ಎಂದ.

ಸದ್ದು ಬಂದದ್ದು ನನ್ನ ಪಕ್ಕದಿಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆಯ ಅಂಗೈ ನನ್ನ ಬಾಯಿ ಮುಚ್ಚಿತು. "ಸುಮ್ಮನಿರವ್ವಾ," ಎಂದಳು ಮೆಲ್ಲಗೆ. ಮರುದಿನ ಅಪ್ಪನ ಕೈ ಹಿಡಿದು ಬಸ್ಸು ಹತ್ತಿದವಳು ತಿರುಗಿ ಬರಲಿಲ್ಲ, ಆಶ್ರಮದಲ್ಲೇ ತೀರಿಕೊಂಡಳು.

ನನ್ನದೂ ಒಂದು ಅನುಮಾನ ಉಳಿದಿದೆ. ಅತ್ತೆ ಲೊಚಗುಟ್ಟುತ್ತಿದ್ದದ್ದು ನಡೆಯುವಾಗ ಮಾತ್ರ. ಅವತ್ತು ಅವಳು ನಿಂತಿದ್ದಳು, ಹುಡುಕಬೇಕಾದ ದಾರಿಯೇ ಇರಲಿಲ್ಲ. ಬೇಕೆಂದೇ ಲೊಚಗುಟ್ಟಿದಳೇ? ತನ್ನಣ್ಣನಿಗೆ ಹಲ್ಲಿಯ ಮೇಲಿದ್ದಷ್ಟು ನಂಬಿಕೆ ತನ್ನ ಮೇಲಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.